ಹನ್ನೊಂದನೆಯ ಡಬ್ಬಿ

ಒಂದು ಸ್ಟೀಲ್ ಡಬ್ಬಿ ಬಾಕಿ ಇದೆ. ಪಾವಗಡದ ಒಂದು ಖಾಸಗಿ ಶಾಲೆ ಅದನ್ನು ತಿರುಮಣಿ ಕಡೆಯ ಗೊಲ್ಲರಹಟ್ಟಿಯ ಜುಂಜಮ್ಮನಿಗೆ ಕೊಡಬೇಕು. ಐದು ತಿಂಗಳಾಯಿತು, ಕೊಟ್ಟಿಲ್ಲ. ಡಬ್ಬಿ ಕಳೆದುಹೋಗಿಲ್ಲ. ಶಾಲೆಯ ಸೆಕ್ರೆಟರಿ ಪ್ರಸನ್ನ ಕುಮಾರ್ ಅವರ ಕೋಣೆಯ ಬೀರುವಿನಲ್ಲಿ, ಮೇಲಿನಿಂದ ಎರಡನೇ ಖಾನೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಕೂತಿದೆ. ಬೀಗದ ಕೈ ಅವರ ಜೇಬಿನಲ್ಲಿದೆ. ಇಂಥ ಡಬ್ಬಿ ಯಾವ ಪಾತ್ರೆ ಅಂಗಡಿಯಲ್ಲಾದರೂ ಸಿಗುತ್ತದೆ, ಇನ್ನೊಂದು ಕೊಂಡರಾಯಿತಲ್ಲ ಎನ್ನುವ ಜಾಣರು ಪಾವಗಡದಲ್ಲಿ ಬಹಳ ಮಂದಿ ಇದ್ದಾರೆ. ಅವರು ಇದನ್ನು ಕೊನೆಯವರೆಗೆ ಓದಲಿ.

ಜುಂಜಮ್ಮನಿಗೆ ಅರವತ್ತು ದಾಟಿದೆ. ಓದು ಬರಹ ಇಲ್ಲ. ಗಂಡ ಯತ್ತಪ್ಪನಿಗೆ ಹಿಂದೆ ಇನ್ನೂರು ಕುರಿ ಇದ್ದವು, ಈಗ ಮೂವತ್ತೆಂಟು. ಸೋಲಾರ್ ಬಂದಾಗ ಜಮೀನು ಇದ್ದವರು ಗುತ್ತಿಗೆಗೆ ಕೊಟ್ಟರು, ವರ್ಷ ವರ್ಷ ಬಾಡಿಗೆ ಬಂತು. ಹಟ್ಟಿಯವರಿಗೆ ಇದ್ದದ್ದು ಕುರಿ ಮೇಯಿಸುವ ಹಾದಿ ಮಾತ್ರ. ಹಾದಿಗೆ ಯಾರು ಬಾಡಿಗೆ ಕೊಡುತ್ತಾರೆ? ಬೇಲಿ ಬಿತ್ತು. ಬೇಲಿಯೊಳಗೆ ಪ್ಯಾನೆಲ್‌ಗಳ ನೆರಳಿಗೆ ಹುಲ್ಲು ಸೊಂಪಾಗಿ ಬೆಳೆಯಿತು. ಬೆಳೆದ ಹುಲ್ಲು ಪ್ಯಾನೆಲ್‌ಗೆ ಅಡ್ಡ ಬರುತ್ತದೆಂದು ಅದನ್ನು ಕೊಯ್ಯಲು ಕಂಟ್ರಾಕ್ಟರ್ ಹಟ್ಟಿಯ ಹೆಂಗಸರನ್ನೇ ಕೂಲಿಗೆ ಕರೆದ. ಕುರಿ ತಿನ್ನಬೇಕಾದ ಹುಲ್ಲನ್ನು ಕುರಿಯವರ ಸೊಸೆಯರು ಕೊಯ್ದು ಗುಡ್ಡೆ ಹಾಕುತ್ತಾರೆ, ಅದು ಅಲ್ಲೇ ಒಣಗುತ್ತದೆ. ಇದಕ್ಕೆ ಅಭಿವೃದ್ಧಿ ಎಂದು ಹೆಸರು.

ಹೆಂಗಸರನ್ನು ಕರೆದೊಯ್ಯುವ ಟೆಂಪೋ ಬೆಳಿಗ್ಗೆ ಆರಕ್ಕೆ ಹಟ್ಟಿಗೆ ಬರುತ್ತದೆ. ಮಕ್ಕಳನ್ನು ಪಾವಗಡಕ್ಕೆ ಒಯ್ಯುವ ಹಳದಿ ವ್ಯಾನು ಬರುವುದು ಏಳೂಮುಕ್ಕಾಲಿಗೆ. ನಡುವಿನ ಈ ಸಮಯದಲ್ಲಿ ಮಕ್ಕಳ ತಲೆ ಬಾಚಿ, ಊಟ ಕಟ್ಟಿ ಕಳಿಸುವವರು ಯಾರು? ಮೊದಲು ಜುಂಜಮ್ಮ ತನ್ನ ಮೊಮ್ಮಗಳು ಅಶ್ವಿನಿಗೆ ಮಾತ್ರ ಕಟ್ಟುತ್ತಿದ್ದಳು. ಒಂದನೇ ಕ್ಲಾಸಿನ ಹುಡುಗಿ, ಆರು ವರ್ಷ. ಆಮೇಲೆ ಪಕ್ಕದ ಮನೆಯದು, ಎದುರು ಮನೆಯದು. ಎಲ್ಲ ಮನೆಯವರೂ ಅವಳ ಮನೆಗೆ ರಾಗಿಹಿಟ್ಟು, ಅಕ್ಕಿ, ಕಡ್ಲೆಬೀಜ ತಂದು ಸುರಿದರು. ಎರಡು ವರ್ಷದಲ್ಲಿ ಹನ್ನೊಂದು ಮಕ್ಕಳು, ಹನ್ನೊಂದು ಡಬ್ಬಿ. ಇದಕ್ಕೆ ಅವಳು ಯಾರಿಂದಲೂ ಕಾಸು ತೆಗೆದುಕೊಂಡಿಲ್ಲ. ಕೊಡಲು ಬಂದವರಿಗೆ, "ಎತ್ತಿಡ್ಲಾ, ನಿನ್ನ ಮಗ ಉಂಡ್ರೆ ನನ್ನ ಗಂಟೇನು ಓಗ್ತದೆ?" ಎಂದು ಬೈದು ಕಳಿಸಿದ್ದಾಳೆ.

ಊಟ ಕಟ್ಟುವುದು ಏನು ಮಹಾ ಎನ್ನುವವರು ಒಂದು ಬೆಳಿಗ್ಗೆ ಅವಳ ಒಲೆಯ ಮುಂದೆ ಕೂರಬೇಕಿತ್ತು. ಬಿಸಿ ಅನ್ನವನ್ನು ಅವಳು ಎಂದೂ ಡಬ್ಬಿಗೆ ಹಾಕಲಿಲ್ಲ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳ ಬೆವರುತ್ತದೆ, ಬೆವರು ಅನ್ನಕ್ಕೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಹಳಸುತ್ತದೆ. ಮೊರದ ಮೇಲೆ ಬಿಳಿ ಪಂಚೆ ಹಾಸಿ, ಅನ್ನ ಹರವಿ, ಅಂಗೈಯ ಹಿಂಬದಿ ಇಟ್ಟು ನೋಡುತ್ತಾಳೆ. ಬಿಸಿ ತಾಕಿದರೆ ಇನ್ನೂ ಹೊತ್ತಿದೆ ಎಂದು ಅರ್ಥ. ಶಿವರಾತ್ರಿ ಕಳೆದ ಮೇಲೆ ತೆಂಗಿನಕಾಯಿ ಚಟ್ನಿ ಕಟ್ಟುವುದಿಲ್ಲ, ಕಡ್ಲೆಬೀಜದ ಒಣ ಚಟ್ನಿಪುಡಿ ಮಾತ್ರ. ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟುತ್ತಾಳೆ, ಮಕ್ಕಳ ಗಂಟಲು ಎಷ್ಟಿರುತ್ತದೆ ಎಂದು ಅವಳಿಗೆ ಗೊತ್ತು. ರೊಟ್ಟಿಯಾದರೆ ನಾಲ್ಕಾಗಿ ಹರಿದು, ಎಣ್ಣೆ ಸವರಿ ಇಡುತ್ತಾಳೆ, ಹಲ್ಲು ಬಿದ್ದ ಮಗು ಕಚ್ಚಿ ಎಳೆಯಬಾರದು ಎಂದು. ಯಾರ ಮಗುವಿಗೆ ಖಾರ ಆಗುವುದಿಲ್ಲ, ಯಾರ ಮಗಳಿಗೆ ಬದನೆಕಾಯಿ ತಿಂದರೆ ಮೈಯೆಲ್ಲ ಕೆರೆತ ಬರುತ್ತದೆ, ಎಲ್ಲ ತಲೆಯಲ್ಲಿದೆ.

ತಲೆಯಲ್ಲಿದ್ದರೆ ಸಾಲದು, ಡಬ್ಬಿಯ ಮೇಲೂ ಇರಬೇಕು. ಹನ್ನೊಂದೂ ಡಬ್ಬಿ ಒಂದೇ ಥರ. ದೀಪಾವಳಿಗೆ ಹೆಂಗಸರು ಬೋನಸ್ ಕೇಳಿದಾಗ ಕಂಟ್ರಾಕ್ಟರ್ ತಲೆಗೊಂದು ಸ್ಟೀಲ್ ಡಬ್ಬಿ ಕೊಟ್ಟು ಕೈ ತೊಳೆದುಕೊಂಡಿದ್ದ, ಅವೇ ಇವು. ಬದನೆಕಾಯಿ ಆಗದ ಮಗುವಿಗೆ ಬದನೆಕಾಯಿಯ ಡಬ್ಬಿ ಹೋದರೆ ಏನು ಗತಿ? ಇಂಗ್ಲಿಷಿನಲ್ಲಿ ಹೆಸರು ಬರೆದ ಸ್ಟಿಕ್ಕರ್ ಅಂಟಿಸಿ ಎಂದು ಶಾಲೆ ಹೇಳಿತು. ಬೂದಿ ಹಾಕಿ ತಿಕ್ಕಿದ ಎರಡೇ ದಿನಕ್ಕೆ ಸ್ಟಿಕ್ಕರ್ ಕಿತ್ತು ಬಂತು. ಇದ್ದಿದ್ದರೂ ಜುಂಜಮ್ಮನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅವಳು ಯತ್ತಪ್ಪ ಕತ್ತರಿ ಮಸೆಯುವ ಅರ ತೆಗೆದುಕೊಂಡಳು.

ಹಟ್ಟಿಯಲ್ಲಿ ಕುರಿಯ ಕಿವಿಗೆ ಗುರುತು ಹಾಕುತ್ತಾರೆ. ಒಂದು ಮನೆಯದು ಕಿವಿಯ ತುದಿಗೆ ಒಂದು ಕಚ್ಚು, ಇನ್ನೊಂದು ಮನೆಯದು ಅಂಚಿಗೆ ಎರಡು ಕಚ್ಚು, ಮತ್ತೊಂದು ಮನೆಯದು ಓರೆ ಕಚ್ಚು. ಅಜ್ಜನ ಕಾಲದಿಂದ ಯಾವ ಮನೆಗೆ ಯಾವುದು ಎಂದು ಗೊತ್ತಾಗಿಬಿಟ್ಟಿದೆ. ಕುರಿ ಯಾರ ಮಂದೆಗೆ ಸೇರಿಕೊಂಡರೂ ಸಂಜೆ ತನ್ನ ಮನೆಗೆ ಬರುತ್ತದೆ. ಜುಂಜಮ್ಮ ಅದೇ ಕಚ್ಚುಗಳನ್ನು ಡಬ್ಬಿಗಳ ಅಂಚಿಗೆ ಅರದಿಂದ ಉಜ್ಜಿ ಮಾಡಿದಳು. ಮಕ್ಕಳ ಕೈಗೆ ತಗುಲದ ಹಾಗೆ ಕಲ್ಲಿಗೆ ತೀಡಿ ನಯ ಮಾಡಿದಳು. ಬೆಳಕಿಲ್ಲದಿದ್ದರೂ ಬೆರಳಾಡಿಸಿ ಇದು ಇಂಥವರ ಮನೆಯದು ಎನ್ನುತ್ತಿದ್ದಳು. ಎರಡು ವರ್ಷದಲ್ಲಿ ಒಂದು ಡಬ್ಬಿಯೂ ಅದಲುಬದಲಾಗಿಲ್ಲ.

ಕಳೆದ ವರ್ಷದ ಜೂನ್‌ನಲ್ಲಿ ಶಾಲೆಯವರು ತಮ್ಮದೇ ಅಡುಗೆಮನೆ ತೆರೆದರು. ಊಟದ ಪ್ಯಾಕೇಜ್ ಅಂತೆ. ಒಂದು ಮಗುವಿಗೆ ತಿಂಗಳಿಗೆ ಹಟ್ಟಿಯ ಹೆಂಗಸಿನ ಮೂರು ದಿನದ ಕೂಲಿ. ಪೇಟೆಯ ಮಕ್ಕಳೆಲ್ಲ ಸೇರಿಕೊಂಡರು. ಹಟ್ಟಿಯ ಹನ್ನೊಂದು ಮಕ್ಕಳು ಸೇರಲಿಲ್ಲ. ಅಂದಿನಿಂದ ಡಬ್ಬಿ ತರುವ ಮಕ್ಕಳಿಗೆ ಊಟದ ಹಾಲಿನಲ್ಲಿ ಜಾಗ ಇಲ್ಲ, ವರಾಂಡದಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂರಬೇಕು. ಒಬ್ಬ ಮೇಡಂ ಮುದ್ದೆ ನೋಡಿ ಮೂಗು ಮುರಿದರು. ಅಂದು ಸಂಜೆ ಅಶ್ವಿನಿ ಮನೆಗೆ ಬಂದು ಬ್ಯಾಗ್ ಎಸೆದಳು.

"ಅಜ್ಜಿ, ನಾಳೆಯಿಂದ ಬಿಳೀದು ಕಟ್ಟು."

"ಯಾಕವ್ವಾ, ಕರೀದು ಕಚ್ತಾ ನಿಂಗೆ?"

"ಮಿಸ್ಸು ಇದೇನು ಸಗಣಿನಾ ಅಂದ್ರು. ಎಲ್ರೂ ನಕ್ರು."

ಜುಂಜಮ್ಮ ಬಿದ್ದ ಬ್ಯಾಗನ್ನು ಎತ್ತಿ ಗೂಟಕ್ಕೆ ಹಾಕಿದಳು. "ನಾಳೆ ನಿಮ್ಮ ಮಿಸ್ಸಿಗೆ ಕೇಳು, ಸಗಣಿ ಯಾವತ್ತಾದ್ರೂ ನೋಡಿದ್ದೀರಾ ಅಂತ. ಎಳ್ಡಕ್ಕೂ ಎತ್ವಾಸ ಗೊತ್ತಿಲ್ದೋರು ನಿಂಗೇನು ಕಲಿಸ್ತಾರೆ?" ಎಂದಳು. ಆದರೂ ಮಾರನೇ ದಿನದಿಂದ ವಾರಕ್ಕೆ ಮೂರು ದಿನ ಅನ್ನ ಕಟ್ಟಿದಳು. ಮಗು ಹಸಿದು ಬರುವುದಕ್ಕಿಂತ ತಾನು ಸೋಲುವುದು ಅವಳಿಗೆ ಅಗ್ಗವಾಗಿ ಕಂಡಿತು.

ಇನ್ನು ಆ ವಾರದ ಮಾತು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಬುಧವಾರ ಹನ್ನೊಂದು ಡಬ್ಬಿ ಹೋದವು. ಅಂದು ಬೆಳಿಗ್ಗೆ ಹತ್ತು ಗಂಟೆಗೇ ಅಂಜಿನಮೂರ್ತಿಯ ಮಗಳಿಗೆ ಜ್ವರ ಬಂತು. ಈ ಅಂಜಿನಮೂರ್ತಿ ಜುಂಜಮ್ಮನ ಎದುರು ಮನೆಯವನು. ಬೈಕಿನಲ್ಲಿ ಹೋಗಿ ಮಗಳನ್ನು ಕರೆದುಕೊಂಡು ಬಂದ. ಮಗುವನ್ನು ತಂದ, ಬ್ಯಾಗ್ ತಂದ, ವರಾಂಡದ ಸ್ಟ್ಯಾಂಡಿನಲ್ಲಿದ್ದ ಡಬ್ಬಿ ಮರೆತ. ಮುಟ್ಟದ ಊಟ ಅದರಲ್ಲೇ ಉಳಿಯಿತು. ಸಂಜೆ ವ್ಯಾನಿನಲ್ಲಿ ಬಂದದ್ದು ಹತ್ತೇ ಡಬ್ಬಿ. ಗುರುವಾರ ಮಗು ಜ್ವರದಲ್ಲಿ ಮನೆಯಲ್ಲಿತ್ತು. ಜುಂಜಮ್ಮ ಹತ್ತೇ ಡಬ್ಬಿ ಕಟ್ಟಿ ಕಳಿಸಿದಳು, ರಾಗಿರೊಟ್ಟಿ ಮತ್ತು ಚಟ್ನಿಪುಡಿ.

ಅದೇ ಗುರುವಾರ ಶಾಲೆಯ ಅಡುಗೆಮನೆಯವರು ಎಲ್ಲ ಮಕ್ಕಳಿಗೂ ಪುಕ್ಕಟೆ ಫ್ರೂಟ್ ಸಲಾಡ್ ಕೊಟ್ಟರು. ಬರುವ ವರ್ಷದ ಪ್ಯಾಕೇಜಿಗೆ ಜನ ಸೇರಿಸಬೇಕಲ್ಲ, ಮಕ್ಕಳ ನಾಲಿಗೆಗೆ ರುಚಿ ಹತ್ತಿಸಿದರೆ ಮನೆಯಲ್ಲಿ ಹಟ ಮಾಡುತ್ತವೆ. ಬಿಳಿ ಪೇಪರ್ ಬಟ್ಟಲಿನಲ್ಲಿ ಹಾಲು, ಹಣ್ಣಿನ ಹೋಳು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತವರಿಗೂ ಅಂದು ಬಟ್ಟಲು ಬಂತು. ಎರಡು ಗಂಟೆಗೆ ಮಕ್ಕಳು ವಾಂತಿ ಮಾಡಿಕೊಳ್ಳಲು ಶುರುಮಾಡಿದವು. ಒಟ್ಟು ಏಳು ಮಕ್ಕಳು, ನಾಲ್ಕು ಪೇಟೆಯವು, ಮೂರು ಹಟ್ಟಿಯವು. ಅಶ್ವಿನಿಯೂ ಒಬ್ಬಳು. ದೇವರ ದಯೆ ಅನ್ನುತ್ತೀರೋ, ಆಸ್ಪತ್ರೆಯ ನರ್ಸಮ್ಮನ ದಯೆ ಅನ್ನುತ್ತೀರೋ, ರಾತ್ರಿಯೊಳಗೆ ಎಲ್ಲವೂ ಚೇತರಿಸಿಕೊಂಡವು.

"ಹಾಲು ಉಳಿ ಆಗಿತ್ತು ಅಜ್ಜಿ. ಆದ್ರೂ ಸೀ ಇತ್ತು, ಅದ್ಕೇ ತಿಂದೆ," ಎಂದಳು ಅಶ್ವಿನಿ.

ಶುಕ್ರವಾರ ಬೆಳಿಗ್ಗೆ ವ್ಯಾನು ಬಂತು. ತೆಲುಗು ಬೆರೆಸಿ ಮಾತಾಡುವ ಡ್ರೈವರ್ ಭೀಮರಾಜು, ದಿನಾ ಇಳಿದು ಡಬ್ಬಿಗಳ ಚೀಲವನ್ನು ತಾನೇ ಎತ್ತಿಡುತ್ತಿದ್ದವನು ಅಂದು ಸೀಟಿನಿಂದ ಇಳಿಯಲಿಲ್ಲ. ಎರಡು ವರ್ಷದಿಂದ ಜುಂಜಮ್ಮನ ಕೈಯ ರೊಟ್ಟಿ ತಿಂದವನು ಅವಳ ಮುಖ ನೋಡಲಿಲ್ಲ.

"ವದ್ದವ್ವಾ, ಡಬ್ಬಿ ಹತ್ತಿಸ್ಬ್ಯಾಡ. ಸೆಕ್ರೆಟರಿ ಸಾರ್ ಬ್ಯಾಡ ಅಂದವ್ರೆ."

"ಯಾಕ್ಲಾ?"

"ನಿನ್ನ ಊಟದಿಂದ್ಲೇ ಮಕ್ಳಿಗೆ ವಾಂತಿ ಆಗಿದ್ದಂತೆ. ಒಂದು ಡಬ್ಬಿ ಇಡ್ಕೊಂಡವ್ರೆ, ಗಬ್ಬು ನಾರ್ತಾ ಐತಂತೆ. ಸಾಕ್ಷಿ ಅಂತೆ."

"ನಿನ್ನೆ ಎಷ್ಟು ಡಬ್ಬಿ ಕೊಟ್ಟೆ ನಿಂಗೆ?"

"ಹತ್ತು."

"ಸಂಜೆ ಎಷ್ಟು ತಂದುಕೊಟ್ಟೆ?"

ಭೀಮರಾಜು ಸ್ಟೇರಿಂಗ್ ಉಜ್ಜಿದ. "ಹತ್ತು."

"ಅಂಗಾರೆ ಅವರತ್ರ ಇರಾದು ಯಾವ ಡಬ್ಬಿಲಾ?"

"ನಾಕೇಮಿ ತೆಲುಸವ್ವಾ," ಎಂದು ಅವನು ಗೇರ್ ಹಾಕಿದ. ನನಗೇನು ಗೊತ್ತು ಎಂದ. ಗೊತ್ತಿತ್ತು. ಆ ಕ್ಷಣಕ್ಕೇ ಅವನಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ನುಂಗಿಕೊಂಡು ವ್ಯಾನು ಓಡಿಸಿದ.

ಶನಿವಾರ ಜುಂಜಮ್ಮ, ಅವಳ ಸೊಸೆ, ಅಶ್ವಿನಿಯ ತಾಯಿ ಮಂಗಳಗೌರಿ ಇಬ್ಬರೂ ಶಾಲೆಗೆ ಹೋದರು. ಮಂಗಳಗೌರಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ಕಾಗದಪತ್ರ ಓದಬಲ್ಲವನೊಬ್ಬ ಇರಲಿ ಎಂದು ಅವರು ಕರೆದದ್ದರಿಂದ, ಇದನ್ನು ಬರೆಯುತ್ತಿರುವ ನಾನೂ ಜೊತೆಗೆ ಹೋದೆ. ಒಂದೂವರೆ ಗಂಟೆ ಹೊರಗೆ ನಿಲ್ಲಿಸಿದ ಮೇಲೆ ಒಳಗೆ ಕರೆದರು. ಪ್ರಸನ್ನ ಕುಮಾರ್ ಒಳ್ಳೆಯ ಮಾತುಗಾರರು. ಗಣರಾಜ್ಯೋತ್ಸವದ ದಿನ ರೈತನೇ ದೇಶದ ಬೆನ್ನೆಲುಬು ಎಂದು ಮೈಕಿನಲ್ಲಿ ಕೂಗುವವರು.

"ನೋಡಿಯಮ್ಮಾ, ಡಾಕ್ಟರ್ ಮಕ್ಕಳು, ಲಾಯರ್ ಮಕ್ಕಳು ಓದೋ ಜಾಗ ಇದು. ಶುಚಿ ಅಂದ್ರೆ ಏನು ಅಂತ ನೀವೂ ಸ್ವಲ್ಪ ಕಲೀಬೇಕು," ಎಂದರು.

"ಕಲಿಯಾನ ಬುಡಪ್ಪ ಆಮ್ಯಾಕೆ. ಡಬ್ಬಿ ತೋರ್ಸು."

ಅವರು ಬೀರು ತೆರೆದು ಕವರನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟರು, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಮುಚ್ಚಳ ಸರಿಸಿದರು. ಒಳಗೆ ಏನಿತ್ತೆಂದು ಹೇಳಲು ಬಾರದ ಹಾಗೆ ಬೂಷ್ಟು ಕಟ್ಟಿತ್ತು. ಮಂಗಳಗೌರಿ ಸೆರಗು ಬಾಯಿಗೆ ಒತ್ತಿಕೊಂಡಳು. ಜುಂಜಮ್ಮ ಬಗ್ಗಿ ಮುಚ್ಚಳದ ಅಂಚು ನೋಡಿದಳು. ಎರಡು ನೇರ ಕಚ್ಚು, ಒಂದು ಓರೆ ಕಚ್ಚು.

"ಇದು ಅಂಜಿನಮೂರ್ತಿ ಮನೇದು."

"ಯಾರದ್ದಾದರೇನು?"

"ಯಾರದ್ದಾದ್ರೇನು ಅಂದ್ರೆ ಎಂಗಪ್ಪಾ? ಅವನ ಮಗಳು ಬುಧವಾರಾನೇ ಜರ ಬಂದು ಮನೀಗೆ ಬಂತು. ಡಬ್ಬಿ ಇಲ್ಲೇ ಮರ್ತು ಬಂದ ಅವನು. ಬೇಸ್ತವಾರ ಆ ಮಗು ಸಾಲೆಗೇ ಬಂದಿಲ್ಲ. ಇದು ಬುಧವಾರದ ಊಟ. ಇದನ್ನ ಯಾರೂ ಬಾಯಿಗಿಟ್ಟಿಲ್ಲ. ನಿಮ್ಮ ಸ್ಟ್ಯಾಂಡಿನಾಗೆ ಕೊಳ್ತೈತೆ. ಕೊಳ್ತಿದ್ದನ್ನ ಎತ್ತಿ ನನ್ನ ತಲೆಗೆ ಕಟ್ತೀಯಲ್ಲ."

ನಾನು ಗುರುವಾರದ ಹಾಜರಿ ಪುಸ್ತಕ ಕೇಳಿದೆ. ಅದು ಹೊರಗಿನವರಿಗೆ ತೋರಿಸುವಂಥದ್ದಲ್ಲ ಎಂದರು. ಜುಂಜಮ್ಮನ ಕಡೆ ತಿರುಗಿದಾಗ ಅವರ ಬಹುವಚನ ಮುಗಿದಿತ್ತು.

"ನಲ್ಲಿ ಹತ್ತಿರ ತೊಳೆಯೋವಾಗ ಮುಚ್ಚಳ ಅದಲುಬದಲಾಗುತ್ತೆ. ಮುಚ್ಚಳ ನೋಡಿ ಏನು ಹೇಳ್ತೀಯ ನೀನು? ಮುಚ್ಚಳ ಅವನದು, ಡಬ್ಬಿ ಇನ್ನೊಬ್ಬರದು."

"ತಳ ತಿರುಗ್ಸು."

"ಯಾಕೆ?"

"ತಿರುಗ್ಸಪ್ಪ, ಮುಟ್ಟಿದ್ರೆ ಸಾಯಾಕಿಲ್ಲ."

ಅವರು ಮುಟ್ಟಲಿಲ್ಲ. ಜುಂಜಮ್ಮನೇ ಕವರಿನ ಮೇಲಿನಿಂದ ಡಬ್ಬಿ ಹಿಡಿದು ಓರೆ ಮಾಡಿದಳು. ತಳದ ಅಂಚಿನಲ್ಲಿ ಎರಡು ನೇರ ಕಚ್ಚು, ಒಂದು ಓರೆ ಕಚ್ಚು.

"ಕುರಿ ಕದಿಯಾನು ಮೊದ್ಲು ಏನು ಮಾಡ್ತಾನೆ ಗೊತ್ತಾ? ಗುರುತಿರೋ ಕಿವೀನ ಕುಯ್ದು ಬಿಸಾಕ್ತಾನೆ. ಅದ್ಕೇ ನಾವು ಎಳ್ಡು ಕಿವಿಗೂ ಆಕ್ತೀವಿ. ಕಳ್ರನ್ನ ನಾವು ಇವತ್ತು ನೋಡ್ತಿಲ್ಲ ಕಣಪ್ಪ."

ಪ್ರಸನ್ನ ಕುಮಾರ್ ಎದ್ದರು, ಕವರನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಈ ಸಲ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಿದ್ದರು.

"ಡಬ್ಬಿ ಕೊಡ್ರಿ ಸಾರ್," ಎಂದಳು ಮಂಗಳಗೌರಿ.

"ಲ್ಯಾಬಿಗೆ ಹೋಗಬೇಕು ಅದು."

ಇಂದಿನವರೆಗೆ ಯಾವ ಲ್ಯಾಬಿಗೂ ಹೋಗಿಲ್ಲ. ಹೋದರೆ ಅದರ ಜೊತೆಗೆ ಅದರ ಎರಡು ಕಿವಿಯೂ ಹೋಗುತ್ತವೆ. ಹೊರಗೆ ಬಿಸಾಕಲೂ ಧೈರ್ಯವಿಲ್ಲ, ಬಿಸಾಕಿದರೆ ಸಾಕ್ಷಿ ಎಲ್ಲಿ ಎಂದು ನಾವು ಕೇಳುತ್ತೇವೆ. ಗಂಟಲಿಗೆ ಸಿಕ್ಕಿದ ಮುಳ್ಳನ್ನು ಬೀರುವಿನಲ್ಲಿಟ್ಟು ಕೂತಿದ್ದಾರೆ.

ಸೋಮವಾರ ಹಟ್ಟಿಯ ತಂದೆತಾಯಿಯರನ್ನೆಲ್ಲ ಕರೆಸಿದರು. ಒಂದು ಕಾಗದ ಸಿದ್ಧವಾಗಿತ್ತು. ಮನೆಯಿಂದ ತಂದ ಅಶುಚಿಯಾದ ಆಹಾರದಿಂದ ಮಕ್ಕಳು ಅಸ್ವಸ್ಥರಾದರು, ಇನ್ನು ಮುಂದೆ ಶಾಲೆಯ ಊಟವನ್ನೇ ಪಡೆಯುತ್ತೇವೆ ಎಂದು ಅದರಲ್ಲಿತ್ತು. ಕೆಳಗೆ ಸಹಿ ಹಾಕಲು ಹನ್ನೊಂದು ಗೆರೆ. ಎಲ್ಲಕ್ಕಿಂತ ಕೆಳಗೆ, "ಆಹಾರ ತಯಾರಿಸಿದವರು" ಎಂದು ಬರೆದು ಹೆಬ್ಬೆಟ್ಟಿಗೆ ಒಂದು ಚೌಕ. ಸಹಿ ಹಾಕಿದರೆ ಪರೀಕ್ಷೆ, ಹಾಕದಿದ್ದರೆ ಟಿಸಿ. ಪರೀಕ್ಷೆಗೆ ಹತ್ತು ದಿನ ಇತ್ತು. ವರ್ಷದ ಫೀಸು ಪೂರ್ತಿ ಕಟ್ಟಿಯಾಗಿತ್ತು.

ಹಟ್ಟಿಯವರು ಸಹಿ ಹಾಕಿದರು. ಎಲ್ಲರೂ ಹಾಕಿದರು. ಇದನ್ನು ಮುಚ್ಚಿಡಲು ನಾನು ಬರೆಯುತ್ತಿಲ್ಲ. ಹನ್ನೊಂದು ಜನ ಆಗುವುದಿಲ್ಲ ಎಂದಿದ್ದರೆ ಆ ಮನುಷ್ಯ ಬರುವ ವರ್ಷದ ಹನ್ನೊಂದು ಮಕ್ಕಳ ಫೀಸು ಕಳೆದುಕೊಳ್ಳುವ ಧೈರ್ಯ ಮಾಡುತ್ತಿರಲಿಲ್ಲ. ಅಂಜಿನಮೂರ್ತಿಯೂ ಹಾಕಿದ, ತನ್ನ ಮಗಳು ಆ ಗುರುವಾರ ಶಾಲೆಯಲ್ಲೇ ಇರಲಿಲ್ಲ ಎಂದು ಗೊತ್ತಿದ್ದೂ ಹಾಕಿದ. ಸಂಜೆ ಜುಂಜಮ್ಮ ಅವನ ಮನೆಯ ಮುಂದೆ ಹೋಗಿ ನಿಂತಳು.

"ಒಂದ್ ಮಾತು ಅಂದಿದ್ರೆ ಸಾಕಾಗಿತ್ತಲ್ಲೋ. ನನ್ನ ಮಗ್ಳು ಅವತ್ತು ಬಂದಿರ್ಲಿಲ್ಲ ಅಂತ."

"ಅನ್ಬೈದಿತ್ತು ದೊಡ್ಡವ್ವಾ. ಅಂದಿದ್ರೆ ಟಿಸಿ ಕೈಗೆ ಕೊಡೋರು. ಎಣ್ಣು ಮಗಾ ಎಳ್ಡಕ್ಷರ ಇಂಗ್ಲೀಸು ಕಲೀಲಿ ಅಂತ..."

"ಕಲೀಲಿ ಬುಡು. ಕಲ್ತ ಮ್ಯಾಕೆ ಆ ಕಾಗದಾನ ಓದಿಸ್ಕ. ಅಪ್ಪ ಏನಕ್ಕೆ ಸೈ ಆಕವ್ನೆ ಅಂತ ಗೊತ್ತಾಗ್ಲಿ ಅದ್ಕೂವೆ."

ಅಂಜಿನಮೂರ್ತಿ ಕುರಿದೊಡ್ಡಿಯ ಬಾಗಿಲು ಹಾಕಲು ಹೋದ.

ಮಂಗಳಗೌರಿ ಕೊನೆಯವಳಾಗಿ ಹಾಕಿದ್ದಳು. ಮನೆಗೆ ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು, "ಅತ್ತೆ, ನಾನೂ ಸೈ ಆಕ್ಬುಟ್ಟೆ."

"ಗೊತ್ತಾತು. ಕೈಕಾಲು ತೊಳ್ಕಂಡು ಬಾ, ಉಣ್ಣು."

"ಬೈಯಿ ಅತ್ತೆ."

"ಬೈದ್ರೆ ಸೈ ಅಳ್ಸಿ ಓಗ್ತದಾ?"

ಜುಂಜಮ್ಮನ ಹೆಬ್ಬೆಟ್ಟಿನ ಚೌಕ ಮಾತ್ರ ಖಾಲಿ ಉಳಿಯಿತು. ಶಾಲೆಯವರು ಎರಡು ಸಲ ಭೀಮರಾಜುವಿನ ಕೈಯಲ್ಲಿ ಇಂಕ್ ಪ್ಯಾಡ್ ಕೊಟ್ಟು ಹಟ್ಟಿಗೆ ಕಳಿಸಿದರು. ಮೊದಲನೇ ಸಲ ಅವಳು, "ಡಬ್ಬಿ ತಂದಿದ್ದೀಯಾ?" ಎಂದು ಕೇಳಿ ವಾಪಸ್ ಕಳಿಸಿದಳು. ಎರಡನೇ ಸಲ ಇಂಕ್ ಪ್ಯಾಡನ್ನೇ ಇಟ್ಟುಕೊಂಡಳು. ಈಗ ಅದರಿಂದ ಮೊಮ್ಮಗಳು ಗೋಡೆಗೆ ಬೆರಳು ಒತ್ತಿ ಕೋಳಿ ಬರೆಯುತ್ತಾಳೆ.

ಮೇ ತಿಂಗಳಲ್ಲಿ ಹಟ್ಟಿಯಲ್ಲಿ ಒಂದು ಮಗುವಿಗೆ ಹೆಸರಿಡುವ ಊಟ ಇತ್ತು. ಹಟ್ಟಿಯ ಊಟಗಳಲ್ಲಿ ಮೊದಲ ಪಂಕ್ತಿ ಮಕ್ಕಳದು, ಮೂವತ್ತು ವರ್ಷದಿಂದ ಆ ಪಂಕ್ತಿಗೆ ಮೊದಲ ಸೌಟು ಜುಂಜಮ್ಮನದು. ಅಂದೂ ಅವಳು ಸೆರಗು ಸಿಕ್ಕಿಸಿಕೊಂಡು ಪಾತ್ರೆಯ ಹತ್ತಿರ ಹೋದಳು. ಬಾಣಂತಿಯ ಅತ್ತೆ ಬಂದು ಸೌಟನ್ನು ಅವಳ ಕೈಯಿಂದ ತೆಗೆದುಕೊಂಡಳು.

"ನೀನು ಕುಂತ್ಕಳವ್ವಾ, ದಣಿದಿದ್ದೀಯ."

ದಣಿದಿರಲಿಲ್ಲ. ಜುಂಜಮ್ಮ ಹೋಗಿ ಗೋಡೆಗೆ ಒರಗಿ ಕೂತಳು. ಉಂಡಳು, ಎಲೆ ಎತ್ತಿದಳು, ಮನೆಗೆ ಬಂದಳು. ಸಹಿ ಹಾಕುವಾಗ ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಮೂರು ತಿಂಗಳಿಗೆ ಆ ಸುಳ್ಳು ಹಟ್ಟಿಯೊಳಗೇ ಬೇರು ಬಿಟ್ಟಿತ್ತು. ಸಹಿ ಹಾಕಿದ ಕೈಗಳಿಗೆ ತಾವು ಹಾಕಿದ್ದು ಸುಳ್ಳಿಗೆ ಎಂದುಕೊಳ್ಳುವುದಕ್ಕಿಂತ ಇವಳ ಕೈಯಲ್ಲೇ ಏನೋ ದೋಷವಿತ್ತು ಎಂದು ನಂಬುವುದು ಸುಲಭ. ಈಗ ಹಟ್ಟಿಯಲ್ಲಿ ಯಾವ ಮಗುವಿಗೆ ಹೊಟ್ಟೆ ನೋವು ಬಂದರೂ ಮೊದಲ ಪ್ರಶ್ನೆ, ಜುಂಜಮ್ಮನ ಮನೆಗೆ ಹೋಗಿತ್ತಾ ಎಂದು.

ಜೂನ್‌ನಿಂದ ಮಕ್ಕಳೆಲ್ಲ ಶಾಲೆಯ ಊಟ ಮಾಡುತ್ತಿವೆ. ಜುಂಜಮ್ಮ ಏಳುವ ಹೊತ್ತು ಬದಲಾಗಿಲ್ಲ, ನಾಲ್ಕೂವರೆಗೆ ಒಲೆ ಹೊತ್ತುತ್ತದೆ. ಡಬ್ಬಿ ತಾನೇ ಬೇಡ ಎಂದದ್ದು? ರೊಟ್ಟಿ ಸುಟ್ಟು, ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾಳೆ. ಭೀಮರಾಜು ಊರ ಹೊರಗಿನ ಹುಣಸೆಮರದ ಹತ್ತಿರ ವ್ಯಾನು ನಿಲ್ಲಿಸಿ ಟೈರ್ ನೋಡುವ ನಾಟಕ ಮಾಡುತ್ತಾನೆ. ಅಷ್ಟರಲ್ಲಿ ಮಕ್ಕಳು ತಿಂದು ಬಾಯಿ ಒರೆಸಿಕೊಳ್ಳಬೇಕು. ಅವನ ಧೈರ್ಯ ಇಷ್ಟೇ ಉದ್ದ, ಐದು ನಿಮಿಷ. ತಿನ್ನುವುದೂ ಮೂರೇ ಮಕ್ಕಳು. ಉಳಿದ ಮನೆಯವರು ಬೇಡ ಬುಡವ್ವಾ ಎಂದು ಹೇಳಿಬಿಟ್ಟಿದ್ದಾರೆ. ಮನೆಯಲ್ಲಿ ಈಗ ಇರುವುದು ತಮ್ಮದೊಂದೇ ಡಬ್ಬಿ, ಅದರಲ್ಲಿ ಉಪ್ಪಿದೆ. ಮಿಕ್ಕವನ್ನು ಅವರವರ ಮನೆಗೆ ಕೊಟ್ಟುಬಿಟ್ಟಳು. ಕಚ್ಚು ನೋಡಿಯೇ ಕೊಟ್ಟಳು.

"ಅಂಜಿನಮೂರ್ತೀದು ಒಂದು ಕೊಡಾಕಾಗಿಲ್ಲವಲ್ಲ," ಎಂದು ನನ್ನನ್ನು ಕಂಡಾಗಲೆಲ್ಲ ಹೇಳುತ್ತಾಳೆ. "ಅವನು ಎಂಥೋನೇ ಆಗ್ಲಿ, ಡಬ್ಬಿ ಅವನ್ದು. ನನ್ನ ಕೈಗೆ ಕೊಟ್ಟಿದ್ದ, ನನ್ನ ಕೈಯಿಂದ್ಲೇ ಓಗ್ಬೇಕು."

ನಾನು ಸಾಕ್ಷಿ ಹುಡುಕಿಕೊಂಡು ಹೊರಟೆ. ಹಟ್ಟಿಯ ಮಕ್ಕಳ ಮಾತು ನಡೆಯುವುದಿಲ್ಲ, ಕಾಗದದಲ್ಲಿ ಅವರ ಅಪ್ಪಂದಿರ ಸಹಿ ಇದೆ. ಆ ದಿನ ಫ್ರೂಟ್ ಸಲಾಡ್ ಮಾಡಿಯೇ ಇರಲಿಲ್ಲ ಎಂದು ಶಾಲೆ ಬರೆದುಕೊಟ್ಟಿದೆ. ಉಳಿದದ್ದು ಪೇಟೆಯ ನಾಲ್ಕು ಮಕ್ಕಳು. ಜುಂಜಮ್ಮನ ಡಬ್ಬಿಯನ್ನು ಬೆರಳ ತುದಿಯಿಂದಲೂ ಮುಟ್ಟದ, ಊಟದ ಹಾಲಿನೊಳಗೆ ಕೂತು ಶಾಲೆಯ ಊಟ ಉಂಡು, ಅದೇ ಎರಡು ಗಂಟೆಗೆ ವಾಂತಿ ಮಾಡಿಕೊಂಡ ಮಕ್ಕಳು. ಹಟ್ಟಿಯ ಮಕ್ಕಳು ಊಟ ಹಂಚಿರಬಹುದು ಎಂದು ಶಾಲೆ ಹೇಳುತ್ತದೆ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂರಿಸಿದವರ ಕೈಯಿಂದ ನಿಮ್ಮ ಮಕ್ಕಳು ಯಾವಾಗ ರೊಟ್ಟಿ ಈ‌ಸಿಕೊಂಡವು ಸ್ವಾಮಿ?

ನಾಲ್ಕೂ ಮನೆಗೆ ಹೋದೆ. ಎರಡು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಒಂದು ಮನೆಯಲ್ಲಿ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ನಾಲ್ಕನೆಯ ಮನೆಯಲ್ಲಿ ಮಗುವಿನ ತಾಯಿ ಬಾಯಿ ತೆರೆದರು. "ಅವತ್ತು ಇವಳ ಯೂನಿಫಾರ್ಮ್ ಮೇಲೆಲ್ಲ ಹಾಲು, ದ್ರಾಕ್ಷಿ..." ಎಂದರು. "ನೀನು ಒಳಗೆ ಹೋಗು," ಎಂದರು ಅವರ ಗಂಡ. ಹೋದರು. ನಮ್ಮ ಎರಡನೇ ಮಗುವಿಗೂ ಅಲ್ಲೇ ಸೀಟ್ ಬೇಕು, ನಮ್ಮನ್ನು ಯಾಕೆ ಇದರಲ್ಲಿ ಎಳೆಯುತ್ತೀರಿ ಎಂದರು ಗಂಡ.

ಎಳೆಯುತ್ತಿದ್ದೇನೆ. ಆ ಯೂನಿಫಾರ್ಮನ್ನು ಒಗೆದವರು ನೀವು ತಾಯಿ. ಅದರ ಮೇಲಿದ್ದದ್ದು ರಾಗಿರೊಟ್ಟಿಯೋ, ಹಾಲು ದ್ರಾಕ್ಷಿಯೋ ಎಂದು ನಿಮ್ಮ ಕೈಗೆ ಗೊತ್ತು. ಉಳಿದ ಮೂರು ಮನೆಯವರಿಗೂ ಗೊತ್ತು. ನಿಮ್ಮ ಮಗುವಿಗೆ ಹುಳಿ ಹಾಲು ಕುಡಿಸಿದವನಿಗೆ ಹೆದರಿ, ನಿಮ್ಮ ಮಗುವಿನ ಹತ್ತಿರಕ್ಕೂ ಬಾರದ ಮುದುಕಿಯ ಕೈಗೆ ವಿಷದ ಹೆಸರು ಹಚ್ಚಿ ಸುಮ್ಮನೆ ಕೂತಿದ್ದೀರಿ. ನಾಳೆ ಆ ಅಡುಗೆಮನೆಯಿಂದ ಇನ್ನೊಂದು ಬಟ್ಟಲು ಬರುತ್ತದೆ. ಆಗ ಹೆಸರು ಹಚ್ಚಲು ಹಟ್ಟಿಯ ಡಬ್ಬಿ ಅಲ್ಲಿ ಇರುವುದಿಲ್ಲ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಆ ಗುರುವಾರ ನಿಮ್ಮ ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ವಾಂತಿ ಮಾಡಿಕೊಂಡಿತು, ವಾಂತಿಯಲ್ಲಿ ಏನಿತ್ತು, ಮೂರೇ ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಜುಂಜಮ್ಮ ಆ ಶಾಲೆಯ ಗೇಟಿನ ಮುಂದೆ ಕೂತಿರುತ್ತಾಳೆ. ಹಾಳೆಯನ್ನು ಅವಳ ಕೈಗೆ ಕೊಡಿ, ಅವಳ ಜೊತೆ ಒಳಗೆ ಹೋಗಿ, ಬೀರು ತೆರೆಸಿ, ಆ ಡಬ್ಬಿಯನ್ನು ಹೊರಗೆ ತರಿಸಿ.